ಅತ್ತೆಯ ಎದೆ ಹಾರದ ದಿನ

1953ನೇ ಇಸವಿ. ಪೊಲೀಸ್ ಆ್ಯಕ್ಷನ್ ಆಗಿ ಐದು ವರ್ಷ ಕಳೆದಿದ್ದರೂ ನಾವು ಇನ್ನೂ ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ಆ ವರ್ಷವೇ ನಾನು ಔರಾದ ತಾಲ್ಲೂಕಿನ ಡಾಬಕಾದಿಂದ ಭಾಲ್ಕಿಗೆ ಸೊಸೆಯಾಗಿ ಬಂದೆ. ನನಗಾಗ ಹದಿನೇಳು. ತವರಿನಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿ ಓಡಿಸಿ ನನ್ನ ಗಂಟಲು ದೊಡ್ಡದಾಗಿತ್ತು. ಭಾಲ್ಕಿಯ ಮನೆಯಲ್ಲಿ ನಾನು ಮೆಲ್ಲಗೆ ಮಾತಾಡಿದೆ ಅಂದುಕೊಂಡರೂ ಓಣಿಯ ಆ ತುದಿಗೆ ಕೇಳಿಸುತ್ತಿತ್ತಂತೆ. "ಯವ್ವಾ ನೀಲಾ, ಇಲ್ಲಿ ಹಕ್ಕಿ ಇಲ್ಲs, ಸಾವಕಾಶ ಮಾತಾಡು" ಎಂದು ಅತ್ತೆ ನಗುತ್ತಿದ್ದರು.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ನಾನು ಮತ್ತು ಅತ್ತೆ ಗುರಮ್ಮ. ನನ್ನ ಗಂಡ ಬೀದರಿನ ಒಂದು ಸಾಲೆಯಲ್ಲಿ ಮಾಸ್ತರ. ನಿಜಾಮರ ಕಾಲದ ಶುಕ್ರವಾರದ ರಜೆ ಹೋಗಿ ಭಾನುವಾರದ ರಜೆ ಬಂದಿತ್ತು. ಹಾಗಾಗಿ ಶನಿವಾರ ಸಂಜೆಯ ರೈಲಿಗೆ ಬರುತ್ತಿದ್ದರು, ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು. ಮಾವನವರು ಇರಲಿಲ್ಲ. ಇರಲಿಲ್ಲ ಎಂದರೆ ತೀರಿಕೊಂಡಿದ್ದರು ಅಂತಲೂ ಅಲ್ಲ, ಅದೇ ಆ ಮನೆಯ ದುಃಖ.

ಮಾವನವರದು ಬಟ್ಟೆ ಅಂಗಡಿ. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ವರ್ಷ ಊರಿಗೂರೇ ಹೆದರಿ ಗಂಟು ಕಟ್ಟುತ್ತಿದ್ದಾಗ ಅವರು ಹೆಂಡತಿ, ಮಗನನ್ನು ಕರೆದುಕೊಂಡು ಹೋಗಿ ಸೋಲಾಪುರದ ನೆಂಟರ ಮನೆಯಲ್ಲಿ ಬಿಟ್ಟರು. "ಅಂಗಡಿ ಕೀಲಿ ಸರಿ ಹಾಕೀನೋ ಇಲ್ಲೋ, ಒಂದು ಸಲ ನೋಡಿ ಬರ್ತೇನಿ" ಎಂದು ಹೊರಟವರು ತಿರುಗಿ ಬರಲಿಲ್ಲ. ಎಲ್ಲ ತಣ್ಣಗಾದ ಮೇಲೆ ತಾಯಿ ಮಗ ಭಾಲ್ಕಿಗೆ ಬಂದು ನೋಡಿದರೆ ಅಂಗಡಿಯ ಕೀಲಿ ಹಾಕಿದ ಹಾಗೇ ಇತ್ತು. ಒಬ್ಬರು ಉದಗೀರದಲ್ಲಿ ಕಂಡೆ ಎಂದರು, ಇನ್ನೊಬ್ಬರು ಬೀದರ ಸ್ಟೇಷನ್ನಿನಲ್ಲಿ ಕಂಡೆ ಎಂದರು. ಹೆಣ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ.

ಬಳಗದ ಹಿರಿಯರು ವರ್ಷಕ್ಕೊಮ್ಮೆ ಬಂದು ಕೂತು, "ಗುರಮ್ಮ, ಇನ್ನ ಅವರ ಕಾರ್ಯ ಮಾಡಿ ಮುಗಿಸೋಣು. ಹಿಂಗ ಎಷ್ಟ ದಿನ?" ಎಂದು ಕೇಳುತ್ತಿದ್ದರು. ಅತ್ತೆ ಹಣೆಯ ವಿಭೂತಿ ಕುಂಕುಮ ಮುಟ್ಟಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ಅವರು ಅದಾರ್ರಿ. ನನ್ನ ಎದಿ ಹೇಳ್ತದ."

ಅದು ಬರೀ ಬಾಯಿಮಾತಲ್ಲ. ಸಂಜೆ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ ಸ್ಟೇಷನ್ ಕಡೆಯಿಂದ ಟಾಂಗಾಗಳು ಬರುತ್ತಿದ್ದವು. ಕುದುರೆ ಕಾಲಿನ ಸಪ್ಪಳ ಓಣಿಯ ಮೂಲೆಗೆ ಬಂತೆಂದರೆ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದರು. ಮುಖ ಕೆಂಪಾಗುತ್ತಿತ್ತು. ಒಂದು ದಿನ ನನ್ನ ಕೈ ಎಳೆದು ಎದೆಯ ಮೇಲೆ ಇಟ್ಟುಕೊಂಡರು. ಅಬ್ಬಾ! ಒಳಗೆ ಯಾರೋ ಬಾಗಿಲು ಗುದ್ದಿದ ಹಾಗೆ ಬಡಿಯುತ್ತಿತ್ತು.

"ನೋಡು ಹ್ಯಾಂಗ ಹಾರ್ಲಿಕತ್ತದ. ಸತ್ತವರಿಗಾಗಿ ಎದಿ ಹಿಂಗ ಬಡಕೋತದೇನು? ಇದು ಹಾರೋ ತನಕ ಅವರು ಅದಾರ ಅಂತ ತಿಳಕೋ" ಎಂದರು. ನಾನು ಹೊಸ ಸೊಸೆ, ಹೌದ್ರಿ ಎಂದೆ.

ಆದರೆ ಆ ಎದೆಯೇ ಅವರನ್ನು ತಿನ್ನುತ್ತಿತ್ತು. ತಲೆನೋವು ದಿನವೂ ಇರುತ್ತಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತವರ ಮೂಗಿನಿಂದ ರಕ್ತ ಸುರಿದು ಹಿಟ್ಟೆಲ್ಲ ಕೆಂಪಾಯಿತು. ನಾನು ಬೊಬ್ಬೆ ಹೊಡೆದೆ, ಓಣಿಯೇ ಬಂದು ಸೇರಿತು. ಆ ಶನಿವಾರ ನಮ್ಮವರು ಬಂದವರೇ, "ನಡಿಯವ್ವಾ, ಬೀದರಕ್ಕ ಹೋಗೋಣು" ಎಂದು ಹೊರಡಿಸಿದರು. ಜೊತೆಗೆ ನಾನೂ ಹೋದೆ.

ಬೀದರಿನ ಡಾಕ್ಟರ್ ಸಾಹೇಬರು ನಡುವಯಸ್ಸಿನವರು. ಉರ್ದು ಮನೆಮಾತು, ಕನ್ನಡ ನಮ್ಮ ಹಾಗೆಯೇ. ಅತ್ತೆಯ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ, ರಬ್ಬರಿನ ಚೆಂಡು ಒತ್ತಿ ಒತ್ತಿ ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಮುಖ ಸಣ್ಣದಾಯಿತು.

"ಅಮ್ಮಾ, ರಗತದ ಒತ್ತಡ ಭಾಳ ಅದ. ಹಿಂಗೇ ಬಿಟ್ರ ಒಂದಿನ ತಲ್ಯಾಗಿನ ನಾಳ ಒಡೀತದ. ಕೈಕಾಲು ಹೋಗಬಹುದು, ಜೀವನೂ ಹೋಗಬಹುದು. ನಾ ಹೆದರಸ್ಲಿಕ್ಕ ಹೇಳ್ಲಿಕತ್ತಿಲ್ಲ."

ಆಮೇಲೆ ಗುಳಿಗೆ ಕೊಟ್ಟರು. ಸರ್ಪಗಂಧದ ಬೇರಿನಿಂದ ಮಾಡಿದ್ದು ಎಂದರು. ಮುಂಜಾನೆ ಒಂದು, ಸಂಜೆ ಒಂದು. ಅತ್ತೆ ಅದನ್ನು ಅಂಗೈಯಲ್ಲಿ ಹೊರಳಾಡಿಸಿ, "ಇಷ್ಟು ಸಣ್ಣದು ಏನು ಮಾಡ್ತದ್ರಿ?" ಎಂದು ಕೇಳಿದರು.

"ನಿಮ್ಮ ಭಾಲ್ಕಿ ಸ್ಟೇಷನ್ನಿನಾಗ ತಾರು ಬಡದು ಊರೂರಿಗೆ ಸುದ್ದಿ ಮುಟ್ಟಸ್ತಾರಲ್ಲ, ಹಂಗ ಮೈಯೊಳಗೂ ತಾರು ಅದಾವಮ್ಮ. ಅವಕ್ಕ ನರ ಅಂತೇವಿ. ಏನರೆ ಘಾಬರಿ ಆದ್ರ, ಖುಷಿ ಆದ್ರ, ಆ ನರ ಎದಿಗಿ ಓಡು ಅಂತ ಸುದ್ದಿ ಬಡೀತಾವ. ರಗತದ ನಾಳಕ್ಕ ಬಿಗಿ ಆಗು ಅಂತ ಹೇಳ್ತಾವ. ನಿಮ್ಮ ನರಗಳು ಹಗಲೆಲ್ಲ ತಾರು ಬಡೀಲಿಕತ್ಯಾವ. ಈ ಗುಳಿಗಿ ಆ ಸುದ್ದಿ ಮುಟ್ಟಗೊಡೋದಿಲ್ಲ. ಎದಿ ಸಾವಕಾಶ ಆಗ್ತದ, ನಾಳ ಸಡಲ ಆಗ್ತಾವ. ಹ್ಯಾಂಗ ತಡೀತದ ಅನ್ನೋದು ಪೂರಾ ನಮಗೂ ಇನ್ನ ತಿಳಿದಿಲ್ಲ, ತಡೀತದ ಅಂತ ಮಾತ್ರ ಗೊತ್ತು. ಒಂದೆರಡು ವಾರ ತಡದು ಕೆಲಸ ಶುರು ಆಗ್ತದ. ಮೂಗು ಕಟ್ಟತದ, ನಿದ್ದಿ ಬರ್ತದ, ಅಂಜಬ್ಯಾಡ್ರಿ."

ಮನೆಗೆ ಬಂದ ಮೇಲೆ ನಮ್ಮ ಪೇಚಾಟ ಶುರುವಾಯಿತು. ಅತ್ತೆ ಲಿಂಗಕ್ಕೆ ತೋರಿಸದೆ ನೀರು ಕೂಡ ಕುಡಿಯುವವರಲ್ಲ. ಗುಳಿಗೆಯನ್ನೂ ಅಂಗೈಯ ಲಿಂಗಕ್ಕೆ ತೋರಿಸಿದರು. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದವಾಯಿತು. ಪ್ರಸಾದವನ್ನು ಮನೆಯಲ್ಲಿ ಇನ್ನೊಬ್ಬರು ಇರುವಾಗ ಒಬ್ಬರೇ ತಿನ್ನುವುದುಂಟೇ? ಅಡಕೊತ್ತಿನಲ್ಲಿ ಅದನ್ನು ಎರಡು ಹೋಳು ಮಾಡಿ, "ತಗೋ ಯವ್ವಾ, ಪ್ರಸಾದ" ಎಂದು ಅರ್ಧ ನನ್ನ ಕೈಗೆ ಹಾಕಿದರು. ಬೇಡ ಎನ್ನುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಕಣ್ಣಿಗೊತ್ತಿಕೊಂಡು ನುಂಗಿದೆ. ಹೀಗೆ ದಿನವೂ ಎರಡು ಹೊತ್ತು ನಡೆಯಿತು. ನಮ್ಮಿಬ್ಬರಿಗೂ ಅದು ತಪ್ಪು ಎಂದು ಅನಿಸಲೇ ಇಲ್ಲ.

ಕೆಲವು ದಿನಕ್ಕೆ ನನ್ನ ಮೂಗು ಗಟ್ಟಿಯಾಗಿ ಕಟ್ಟಿತು. ಹಗಲೆಲ್ಲ ತೂಕಡಿಕೆ. ಒಲೆಯ ಮುಂದೆ ಕೂತರೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದವು, ಬೇಳೆ ಸೀದು ಹೋಗುತ್ತಿತ್ತು. ಬೇಸಿಗೆಯ ನೆಗಡಿ ಎಂದು ಸುಮ್ಮನಾದೆ. ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆಯೇ.

ಹೇಳಲು ಈಗಲೂ ನಾಚಿಕೆ, ಆದರೂ ಹೇಳುತ್ತೇನೆ. ಶನಿವಾರ ಸಂಜೆ ನಮ್ಮವರ ಚಪ್ಪಲಿ ಸಪ್ಪಳ ಅಂಗಳದಲ್ಲಿ ಕೇಳಿತೆಂದರೆ ನನ್ನ ಎದೆ ಡವಡವ ಅನ್ನುತ್ತಿತ್ತು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಒಂದು ಸಲ ಕಾಲಿಗೆ ನೀರು ಕೊಡಲು ಹೋಗಿ ಇಡೀ ತಂಬಿಗೆ ಅವರ ಮೈಮೇಲೆ ಚೆಲ್ಲಿದ್ದೆ. ಆ ಶನಿವಾರ ಮಾತ್ರ ಅವರು ಬಂದರು, ಕಾಲು ತೊಳೆದರು, ನನ್ನ ಕೈಯಿಂದ ಟವೆಲ್ ತೆಗೆದುಕೊಂಡರು, ಬೆರಳು ಕೂಡ ತಾಗಿತು. ನನ್ನ ಎದೆ ತನ್ನ ಪಾಡಿಗೆ ತಾನಿತ್ತು. ಟಕ್... ಟಕ್... ಅಷ್ಟೇ. ಅಯ್ಯೋ, ನನಗೇನಾಯಿತು, ಇವರ ಮೇಲಿನ ಮನಸ್ಸೇ ಸತ್ತುಹೋಯಿತೇ ಎಂದು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿ ಅತ್ತುಬಿಟ್ಟೆ. "ಯಾಕ, ತವರು ನೆನಪಾತೇನು?" ಎಂದು ನಮ್ಮವರು ಕೇಳಿದರೆ ಏನು ಹೇಳಲಿ? ಹೂಂ ಎಂದೆ.

ಎರಡನೇ ಸಲ ಬೀದರಕ್ಕೆ ಹೋದಾಗ ಅತ್ತೆಯ ಒತ್ತಡ ಇಳಿದಿರಲಿಲ್ಲ. ಡಾಕ್ಟರ್ ಸಾಹೇಬರು ತಲೆ ಕೆರೆದುಕೊಂಡರು. "ಗುಳಿಗಿ ಬರೋಬರಿ ತಗೋತೀರೇನಮ್ಮಾ?" ಎಂದರು. "ಒಂದು ಹೊತ್ತೂ ತಪ್ಪಿಸಿಲ್ರಿ" ಎಂದರು ಅತ್ತೆ. ಅಷ್ಟರಲ್ಲಿ ನಾನು ಮೂಗಿನಲ್ಲೇ ಏನೋ ಮಾತಾಡಿದೆ. ಸಾಹೇಬರು ನನ್ನ ಕಡೆ ತಿರುಗಿ, "ಈ ಹುಡುಗಿಗಿ ಎಷ್ಟು ದಿನದಿಂದ ಮೂಗು ಕಟ್ಟ್ಯಾದ?" ಎಂದು ಕೇಳಿ, ನಾಡಿ ಹಿಡಿದು ನೋಡಿದರು. ಅವರ ಹುಬ್ಬು ಮೇಲೇರಿತು.

"ಗುಳಿಗಿ ಅತ್ತಿಗಿ ಕೊಟ್ರ ಸೊಸಿ ನಾಡಿ ಮೆಲ್ಲಗ ಆಗ್ಯಾದಲ್ಲ! ಏನಿದು ಕರಾಮತ್ತು?"

ಅತ್ತೆ ಸಂಕೋಚವಿಲ್ಲದೆ ಹೇಳಿದರು. "ಲಿಂಗಕ್ಕ ತೋರಿಸಿದ್ದು ಒಬ್ಬಾಕಿನೇ ಹ್ಯಾಂಗ ತಿನ್ಲಿರಿ?"

ಸಾಹೇಬರು ಮೊದಲು ಬೈದರು, ಆಮೇಲೆ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮವರು ಗೋಡೆ ನೋಡುತ್ತ ನಿಂತಿದ್ದರು. ಕೊನೆಗೆ ಸಾಹೇಬರು ಮೆಲ್ಲಗೆ ಕೇಳಿದರು: "ಅಮ್ಮಾ, ನಿಮ್ಮ ಕೊರಳಾಗಿನ ಲಿಂಗ ಸೊಸಿಗಿ ಕೊಡ್ತೀರೇನು?"

"ಶಿವಾ! ಅದು ಹ್ಯಾಂಗ ಕೊಡ್ಲಿಕ್ಕ ಬರ್ತದ? ಅವರವರ ಲಿಂಗ ಅವರವರಿಗೆ."

"ಈ ಗುಳಿಗಿನೂ ಹಂಗೇ. ಯಾರ ಹೆಸರಿಗಿ ಕೊಟ್ಟೇನೋ ಅವರಿಗೇ."

ಅತ್ತೆ ಅದು ಖರೇ ಎಂದು ಒಪ್ಪಿದರು. ಅಂದಿನಿಂದ ನನ್ನ ಪಾಲು ನಿಂತಿತು. ನನ್ನ ಮೂಗು ಬಿಟ್ಟಿತು. ನಿದ್ದೆ ಮಾತ್ರ ಒಂದೇ ದಿನಕ್ಕೆ ಹೋಗಲಿಲ್ಲ, ವಾರಗಟ್ಟಲೆ ಹಿಡಿಯಿತು. ಆಮೇಲೆ ಒಂದು ಶನಿವಾರ ಅಂಗಳದಲ್ಲಿ ಚಪ್ಪಲಿ ಸಪ್ಪಳ ಕೇಳಿದಾಗ ನನ್ನ ಎದೆ ಡವ್ ಎಂದಿತು ನೋಡಿ, ನನಗೆ ಕುಣಿಯುವಷ್ಟು ಸಂತೋಷವಾಯಿತು.

ಈ ಔಷಧದ ಗುಟ್ಟನ್ನು ಬಹಳ ವರ್ಷದ ಮೇಲೆ ನನ್ನ ಮೊಮ್ಮಗಳು ಬಿಡಿಸಿ ಹೇಳಿದಳು. ಅವಳು ಔಷಧಶಾಸ್ತ್ರ ಓದಿದವಳು. ನರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ತವಂತೆ. ಅವುಗಳಲ್ಲಿ ತುಂಬಿಟ್ಟ ರಸ ಹೊರಗೆ ಬಿದ್ದಾಗಲೇ ಎದೆ ಓಡುವುದು, ನಾಳ ಬಿಗಿಯುವುದು. ಸರ್ಪಗಂಧದ ಗುಳಿಗೆ ಆ ಚೀಲ ತುಂಬಲು ಬಿಡುವುದಿಲ್ಲ. ನರ ಎಷ್ಟು ಕೂಗಿದರೂ ಕಳಿಸಲು ಒಳಗೆ ಏನೂ ಇರುವುದಿಲ್ಲ. ನಿಲ್ಲಿಸಿದ ಮೇಲೂ ಖಾಲಿ ಚೀಲ ತುಂಬಲು ದಿನ ಹಿಡಿಯುತ್ತದೆ. ಮಿದುಳಿನಲ್ಲೂ ಅಂಥ ಚೀಲಗಳೇ ಇರುವುದರಿಂದ ಕೆಲವರಿಗೆ ಮನಸ್ಸು ಮಂಕಾಗಿ ಬಿಡುತ್ತಿತ್ತಂತೆ. "ಈಗಿನ ಗುಳಿಗೆ ಬೇರೆ ಅಜ್ಜಿ. ಚೀಲ ಖಾಲಿ ಮಾಡುವುದಿಲ್ಲ. ಬಂದ ಸುದ್ದಿಯನ್ನು ಎದೆ ತೆಗೆದುಕೊಳ್ಳುವ ಜಾಗದಲ್ಲೇ ತಾನು ಹೋಗಿ ಕೂತುಬಿಡುತ್ತದೆ" ಎಂದಳು. ಇದೆಲ್ಲ ಅವತ್ತೇ ಗೊತ್ತಿದ್ದಿದ್ದರೆ ನಾನು ಅತ್ತೆಗೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆನೇನೋ.

ಇಡೀ ಗುಳಿಗೆ ನುಂಗಲು ಶುರುಮಾಡಿದ ಮೇಲೆ ಅತ್ತೆಯ ತಲೆನೋವು ಹೋಯಿತು. ಮುಖದ ಕೆಂಪು ಇಳಿಯಿತು. ನಾನು ಖುಷಿಯಾದೆ. ಆದರೆ ಅತ್ತೆ ಮಾತು ಕಡಿಮೆ ಮಾಡಿದರು. ನನ್ನ ದೊಡ್ಡ ಗಂಟಲಿಗೂ ನಗುತ್ತಿರಲಿಲ್ಲ. ಸಂಜೆ ಟಾಂಗಾ ಬಂದರೆ ಕೈಯ ಕೆಲಸ ಬಿಡುತ್ತಿದ್ದರು, ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು. ಔಷಧದ ಗುಣ ಎಂದು ನಾನು ಸುಮ್ಮನಿದ್ದೆ.

ಒಂದು ಸಂಜೆ ನಾವಿಬ್ಬರೂ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆವು. ಟಾಂಗಾ ಒಂದು ಬಂದು ನಮ್ಮ ಬಾಗಿಲ ಮುಂದೆಯೇ ನಿಂತಿತು. ಬಿಳಿ ಟೋಪಿಯ ಹಿರಿಯರೊಬ್ಬರು ಇಳಿದರು. ಮಾವನವರೇ ಬಂದರೇನೋ ಎಂದು ನನ್ನ ಕೈಯಲ್ಲಿದ್ದ ಮೊರವೇ ಜಾರಿತು. ಅತ್ತೆ ಕೂತಲ್ಲಿಂದ ಏಳಲಿಲ್ಲ. ಆ ಹಿರಿಯರು ಮುಂದಿನ ಓಣಿಯ ಮನೆಯೊಂದನ್ನು ಕೇಳಿ, ದಾರಿ ತಿಳಿದುಕೊಂಡು ಹೋದರು. ನಾನು ಚೆಲ್ಲಿದ ಬೇಳೆ ಬಳಿದು ತಲೆ ಎತ್ತುವಷ್ಟರಲ್ಲಿ ಅತ್ತೆ ಅಲ್ಲಿರಲಿಲ್ಲ.

ಒಳಗಿನ ಕೋಣೆಗೆ ಹೋಗಿ ನೋಡುತ್ತೇನೆ, ಹಣೆಯ ಕುಂಕುಮ ಒರೆಸಿಕೊಂಡಿದ್ದಾರೆ. ಬಲಗೈಯನ್ನು ಬೀಸುಕಲ್ಲಿನ ಅಂಚಿಗೆ ಇಟ್ಟು ಎರಡು ಬಳೆ ಆಗಲೇ ಒಡೆದಿದ್ದಾರೆ. ನಾನು ಓಡಿಹೋಗಿ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ.

"ಏನು ಮಾಡ್ಲಿಕತ್ತೀರಿ ಅತ್ತಿ?"

"ಬಿಡು ನೀಲಾ. ಅವರು ಹೋದ್ರು."

"ಯಾರು ಹೇಳಿದ್ರಿ?"

"ಎದಿ ಹೇಳ್ತು. ಟಾಂಗಾ ಬಾಗಲಿಗೇ ಬಂದು ನಿಂತ್ರೂ ಹಾರಲಿಲ್ಲ. ಭಾಳ ದಿನದಿಂದ ನೋಡ್ಲಿಕತ್ತೀನಿ, ಹಾರವಲ್ದು. ಅವರು ಇದ್ದಿದ್ರ ಹಾರ್ತಿತ್ತು."

ಅವರ ಕಣ್ಣಲ್ಲಿ ನೀರಿರಲಿಲ್ಲ. ಅದು ನನಗೆ ಇನ್ನೂ ಹೆದರಿಕೆ ತಂದಿತು. "ಅತ್ತಿ, ಅದು ಗುಳಿಗಿ ಮಾಡಿದ್ದು. ಡಾಕ್ಟರ್ ಸಾಹೇಬರು ಹೇಳಿಲ್ಲೇನ್ರಿ, ಸುದ್ದಿ ಮುಟ್ಟಗೊಡೋದಿಲ್ಲ ಅಂತ?"

"ಗುಳಿಗಿ ರಗತಕ್ಕ ಕೊಟ್ಟಿದ್ದು. ಎದ್ಯಾಗ ಇರೋ ಮನಷ್ಯಾಗ ಅದು ಏನು ಮಾಡ್ತದ? ಬಿಡು ಅಂದ್ರ ಬಿಡು."

ಕೈ ಕೊಸರುತ್ತಿದ್ದರು. ಇನ್ನೇನು ಹೇಳಿದರೆ ನಂಬುತ್ತಾರೆ? ನನ್ನ ಬಳಿ ಇದ್ದದ್ದು ಒಂದೇ ಮಾತು, ಅದನ್ನು ಅತ್ತೆಯ ಮುಂದೆ ಆಡುವ ಸೊಸೆ ಲೋಕದಲ್ಲಿ ಇರಲಿಕ್ಕಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ.

"ಅತ್ತಿ, ನಿಮ್ಮ ಮಗ ಊರಿಂದ ಬಂದ್ರ ನನ್ನ ಎದಿ ಡವಡವ ಅಂತದ್ರಿ."

"ಅದು ಓಣಿಗೆಲ್ಲ ಗೊತ್ತದ. ಈಗ್ಯಾಕ ಆ ಮಾತು?"

"ನೀವು ಪ್ರಸಾದ ಅಂತ ಅರ್ಧ ಗುಳಿಗಿ ಕೊಡ್ತಿದ್ರಲ್ಲ, ಆವಾಗ ಅನ್ನಲಿಲ್ರಿ. ಒಟ್ಟs ಅನ್ನಲಿಲ್ಲ. ಅವರು ನನ್ನ ಮುಂದೇ ನಿಂತು ಕಾಲು ತೊಳಕೊಂಡ್ರು, ಎದಿ ಕಲ್ಲಿನಂಗ ಸುಮ್ಮ ಇತ್ತು. ಹಂಗಂತ ನಿಮ್ಮ ಮಗ ಸತ್ತಿದ್ರೇನು ಆವಾಗ?"

"ಬಿಡ್ತು ಅನ್ನು!" ಎಂದು ಅತ್ತೆ ನನ್ನ ಬಾಯಿಯ ಮೇಲೆ ಹೊಡೆದರು.

"ಬಿಡ್ತು" ಎಂದೆ. ಎಂದು ಅಳತೊಡಗಿದೆ. ಅವರ ಕೈ ಮಾತ್ರ ಬಿಡಲಿಲ್ಲ.

ನಿಧಾನಕ್ಕೆ ಅತ್ತೆಯ ಕೈ ಸಡಿಲವಾಯಿತು. ಬೀಸುಕಲ್ಲಿಗೆ ಒರಗಿ ಕೂತರು. ಒಪ್ಪಿದರು, ಗೆದ್ದೆ ಅಂದುಕೊಂಡೆ ನಾನು. ಆಗ ಅವರು ಕೇಳಿದರು.

"ಹಂಗಾದ್ರ ನೀಲಾ, ಇಷ್ಟು ವರ್ಷ ಹಾರಿತ್ತಲ್ಲ? ಅದೂ ಅವರ ಸುದ್ದಿ ಅಲ್ಲೇನು?"

ಎದೆ ಸುಮ್ಮನಿದ್ದ ಮಾತ್ರಕ್ಕೆ ಅವರು ಸತ್ತಿದ್ದಾರೆಂದಲ್ಲ ಎಂದು ಸಾಧಿಸಲು ಹೋಗಿ, ಎದೆ ಹಾರಿದರೆ ಅವರಿದ್ದಾರೆ ಎಂಬ ಒಂದೇ ಆಸರೆಯನ್ನೂ ನಾನು ಕಿತ್ತುಕೊಂಡಿದ್ದೆ. "ನನಗ ಗೊತ್ತಿಲ್ರಿ ಅತ್ತಿ" ಎಂದೆ. ಆಗ ಅವರು ಅತ್ತರು. ಗಂಡ ಸೋಲಾಪುರದಿಂದ ಹೊರಟ ದಿನ ಎಳೆಹಸಿರು ಅಂಚಿನ ಧೋತರ ಉಟ್ಟಿದ್ದರಂತೆ. ಊಟ ಮಾಡಿ ಹೋಗ್ರಿ ಎಂದರೆ ಬಂದು ಮಾಡ್ತೇನಿ ಎಂದರಂತೆ. ಅದನ್ನು ಹೇಳಿ ಹೇಳಿ ಅತ್ತರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೊರಗೆ ದೀಪ ಹಚ್ಚುವ ಹೊತ್ತಾಗಿತ್ತು.

ಕೊನೆಗೆ ಮುಖ ತೊಳೆದು ಬಂದು, ನನ್ನ ಮುಂದೆ ಕೂತು ಹಣೆ ಚಾಚಿದರು. "ಕುಂಕುಮ ಹಚ್ಚು" ಎಂದರು. ಹಚ್ಚಿದೆ. "ಎದಿ ಹೇಳ್ಲಿ, ಬಿಡ್ಲಿ. ನಾ ಅಂತೂ ಕಾಯ್ತೇನಿ" ಎಂದು ಎದ್ದು ಒಲೆಯ ಕಡೆ ಹೋದರು. ಸಂಜೆಯ ಗುಳಿಗೆಯನ್ನೂ ತಗೊಂಡರು.

ಮುಂದಿನ ಸಲ ಬೀದರಕ್ಕೆ ಹೋದಾಗ ನಮ್ಮವರು ಹೊರಗೆ ನಿಂತರು. ನಾನೇ ಡಾಕ್ಟರ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಗುಳಿಗೆಯನ್ನು ಸ್ವಲ್ಪ ಕಡಿಮೆ ಮಾಡಿದರು, ಮನಸ್ಸು ಮತ್ತೆ ಮಂಕಾದರೆ ಕೂಡಲೇ ಕರೆದುಕೊಂಡು ಬಾ ಎಂದರು. ಆಮೇಲೆ ಅತ್ತೆಗೆ ಹೇಳಿದರು: "ನನ್ನ ತಮ್ಮನೂ ಆ ವರ್ಷ ಹೋದವ ಬಂದಿಲ್ಲಮ್ಮ. ನಾನೂ ಇದೇ ಗುಳಿಗಿ ತಗೋತೇನಿ. ಎದಿ ಸುಮ್ಮ ಇರ್ತದ. ಆದ್ರ ಯಾರರೆ ಬಾಗಲಾ ಬಡದ್ರ ನಾನೇ ಎದ್ದು ಹೋಗಿ ತೆಗೀತೇನಿ, ಆಳಿಗಿ ಬಿಡೋದಿಲ್ಲ."

"ಊಟ ಆಗ್ಯಾದೇನ್ರಿ ನಿಮ್ಮದು?" ಎಂದು ಅತ್ತೆ ಕೇಳಿದರು. ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬುತ್ತಿ ಅಲ್ಲೇ ಮೇಜಿನ ಮೇಲೆ ಬಿಚ್ಚಿದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಒಣ ರೊಟ್ಟಿ. ಸಾಹೇಬರು ಕೈ ತೊಳೆದು ಬಂದು ಕೂತು ತಿಂದರು.

ಅತ್ತೆ ಆಮೇಲೆ ಬಹಳ ವರ್ಷ ಬಾಳಿದರು. ಹೈದರಾಬಾದ್ ರಾಜ್ಯ ಹೋಗಿ ನಾವು ಮೈಸೂರು ರಾಜ್ಯದವರಾದೆವು, ಆಮೇಲೆ ಅದರ ಹೆಸರೂ ಬದಲಾಯಿತು. ನನ್ನ ಮಕ್ಕಳು ಅವರ ತೊಡೆಯ ಮೇಲೆ ಬೆಳೆದರು. ಟಾಂಗಾಗಳು ನಿಂತು ಆಟೊಗಳು ಬಂದವು. ಅವರು ಒಂದು ಸಂಜೆಯೂ ಬಾಗಿಲು ಬಿಟ್ಟು ಕೂರಲಿಲ್ಲ. ಅವರು ಲಿಂಗೈಕ್ಯರಾದ ದಿನ, ಇವರನ್ನು ಹೇಗೆ ಮಣ್ಣು ಮಾಡುವುದು, ಮುತ್ತೈದೆ ಎಂದೋ ಅಲ್ಲವೆಂದೋ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ನಮ್ಮವರು ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದೆ, ಹಣೆಗೆ ಹಚ್ಚಿ ಮುತ್ತೈದೆಯ ಹಾಗೆ ಉಡಿ ತುಂಬಿದೆ. ಯಾರೂ ಎದುರಾಡಲಿಲ್ಲ.

ಈಗ ನನಗೂ ಎಂಬತ್ತು ದಾಟಿ ವರ್ಷಗಳಾದವು, ನಮ್ಮವರೂ ಇಲ್ಲ. ಮೊಮ್ಮಗಳು ಹೇಳಿದ ಆ ಹೊಸ ಗುಳಿಗೆ ನಾನೂ ತೆಗೆದುಕೊಳ್ಳುತ್ತೇನೆ. ಅತ್ತೆಯ ನೆನಪಾದರೆ ಮಾತ್ರ ಯಾವ ಗುಳಿಗೆಯೂ ನಡೆಯುವುದಿಲ್ಲ, ಸಣ್ಣ ಹುಡುಗಿಯ ಹಾಗೆ ಅಳು ಬರುತ್ತದೆ. ಸಂಜೆ ಬಾಗಿಲ ಮುಂದೆ ಆಟೊ ನಿಂತರೆ ನನಗೆ ಗೊತ್ತಿಲ್ಲದೆಯೇ ಎದ್ದು ಹೋಗಿ ನೋಡುತ್ತೇನೆ. ಮಾವನವರನ್ನು ನಾನು ನೋಡಿಲ್ಲ, ಮನೆಯಲ್ಲಿ ಅವರದೊಂದು ಫೋಟೊ ಕೂಡ ಇಲ್ಲ. ಅವರೇ ಬಂದು ಎದುರಿಗೆ ನಿಂತರೂ ನನಗೆ ಗುರುತು ಸಿಗುವುದಿಲ್ಲ.